ಹಲಗಲಿಯ ಗುಡ್ಡದಲ್ಲಿ ಒಂದು ದಿನ

ಒಂದು ಲಾವಣಿಯನ್ನು ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ಪಾಠ ಹೇಳಿದವನೊಬ್ಬನು, ಅದರ ಕಥೆ ನಡೆದ ನೆಲವನ್ನು ನಿವೃತ್ತನಾದ ಮೇಲೆ ಮೊದಲ ಬಾರಿಗೆ ಕಾಲ್ನಡಿಗೆಯಿಂದ ಕಂಡನೆಂದರೆ ಕೇಳುವವರು ನಗಬಹುದು. ಆ ನೆಲ ಅವನ ಮನೆಯಿಂದ ಎರಡು ತಾಸಿನ ಹಾದಿಯಷ್ಟು ಕೂಡ ದೂರವಿಲ್ಲವೆಂದರೆ ಇನ್ನೂ ಹೆಚ್ಚು ನಗಬಹುದು. ಆ ನಗೆಗೆ ನಾನು ಪಾತ್ರನಾಗಿದ್ದೇನೆ. ಲಾವಣಿ ‘ಹಲಗಲಿಯ ಬೇಡರು’. ನೆಲ ಮುಧೋಳ ತಾಲೂಕಿನ ಹಲಗಲಿ ಮತ್ತು ಅದರ ಬೆನ್ನಿಗಿರುವ ಗುಡ್ಡಗಳು. ನಾನಿರುವುದು ಜಮಖಂಡಿಯಲ್ಲಿ. ಕಾವ್ಯದ ಮೂಲಕ ಊರನ್ನು ಬಲ್ಲೆವೆಂದು ತಿಳಿಯುವುದು ನಮ್ಮಂಥ ಮೇಷ್ಟರುಗಳಿಗೆ ಅಂಟಿದ ಹಳೆಯ ಜಾಡ್ಯ.

ಕಳೆದ ನವೆಂಬರ್ ತಿಂಗಳ ಕೊನೆಯಲ್ಲಿ ಆ ಜಾಡ್ಯಕ್ಕೆ ಒಂದು ದಿನದ ಮದ್ದು ದೊರೆಯಿತು. ಜೊತೆಗೆ ಬಂದವರು ಬನಹಟ್ಟಿಯ ನನ್ನ ಗೆಳೆಯರು. ನೇಕಾರರ ಮನೆತನದವರು, ನನಗಿಂತ ನಾಲ್ಕು ವರ್ಷ ಹಿರಿಯರು, ರಬಕವಿ-ಬನಹಟ್ಟಿಯ ಮಗ್ಗಗಳ ಸಪ್ಪಳವಿಲ್ಲದೆ ನಿದ್ದೆ ಬರುವುದಿಲ್ಲವೆನ್ನುವವರು. ಅರಣ್ಯ ಇಲಾಖೆಯ ಅನುಮತಿ ಪಡೆದು, ಇಲಾಖೆಯ ಕಾವಲುಗಾರರೊಬ್ಬರನ್ನು ದಾರಿ ತೋರಲು ಕರೆದುಕೊಂಡು, ಬುತ್ತಿ ಕಟ್ಟಿಕೊಂಡು, ಹೊತ್ತು ಹುಟ್ಟುವ ಮೊದಲೇ ನಾವು ಗುಡ್ಡದ ಬುಡದಲ್ಲಿದ್ದೆವು.

ಅನುಮತಿ ಏಕೆಂದರೆ, ಈ ಗುಡ್ಡಗಳು ಈಗ ವನ್ಯಜೀವಿಗಳ ಧಾಮ. ಬೀಳಗಿ ಮತ್ತು ಮುಧೋಳ ತಾಲೂಕುಗಳ ನಡುವೆ ಹಬ್ಬಿದ ಸುಮಾರು 96 ಚದರ ಕಿಲೋಮೀಟರ್ ಗುಡ್ಡಗಾಡನ್ನು 2010ರ ದಶಕದ ನಡುಭಾಗದಲ್ಲಿ ಸರಕಾರವು ಯಡಹಳ್ಳಿ ಚಿಂಕಾರ ವನ್ಯಧಾಮವೆಂದು ಸಾರಿತು. ಚಿಂಕಾರವೆಂಬ ಹುಲ್ಲೆಗಾಗಿಯೇ ನಮ್ಮ ರಾಜ್ಯದಲ್ಲಿ ಮೀಸಲಾದ ಮೊದಲ ಧಾಮ ಇದು. ಇಂಥದೇ ಇನ್ನೊಂದು, ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ್ದು, 2019ರಲ್ಲಿ ಬಂದಿತು. ರಾಷ್ಟ್ರೀಯ ಉದ್ಯಾನವೆಂಬ ದೊಡ್ಡ ಹೆಸರು ಇದಕ್ಕಿಲ್ಲ. ಕುದುರೆಮುಖವನ್ನೋ ಬಂಡೀಪುರವನ್ನೋ ಕಂಡು ಬಂದವರು ಇಲ್ಲಿ ನಿಂತರೆ, ‘ಇದೇನು ಕಾಡು? ಇವೇನು ಬೆಟ್ಟ?’ ಎಂದಾರು. ಬಾನೆತ್ತರದ ಮರಗಳಿಲ್ಲ, ಜಲಪಾತಗಳಿಲ್ಲ. ಮೊಳಕಾಲೆತ್ತರದ ಒಣಹುಲ್ಲು, ಜಾಲಿ, ಬಾರಿ, ಕಾರೆ, ಕವಳೆಯ ಪೊದೆಗಳು, ಹಳದಿ ಹೂ ಬಿಟ್ಟ ತಂಗಡಿ, ಇವುಗಳ ನಡುವೆ ಎಲ್ಲೆಲ್ಲಿಯೂ ಕಲ್ಲು.

ಆ ಕಲ್ಲಿಗೆ ಒಂದು ಗೌರವವಿದೆ. ಭೂವಿಜ್ಞಾನಿಗಳು ಜಗತ್ತಿನಲ್ಲೆಲ್ಲ ‘ಕಲಾದಗಿ’ ಶಿಲೆಗಳೆಂದು ಹೆಸರಿಸುವ ವರ್ಗಕ್ಕೆ ಅದು ಸೇರಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು 1876ರಲ್ಲಿ ಈ ಸೀಮೆಯ ಭೂರಚನೆಯನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದರು. ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನ ಅಡಿಯಲ್ಲಿ ಪದರ ಪದರವಾಗಿ ಕುಳಿತ ಮರಳು ಗಟ್ಟಿಯಾಗಿ ಈ ಕಲ್ಲಾಯಿತು. ಎಡವಿದರೆ ಕಾಲಿಗೆ ಕತ್ತಿಯಂತೆ ತಾಗುತ್ತದೆ. ಇಂಥ ನೆಲದಲ್ಲಿ ಬೆಳೆ ಬರುವುದು ಕಡಿಮೆ. ಬೆಳೆ ಬಾರದ ನೆಲದಲ್ಲಿ ಮನುಷ್ಯನು ಬದುಕಬೇಕಾದರೆ ಕುರಿ ಸಾಕಬೇಕು, ಇಲ್ಲವೆ ಬೇಟೆಯಾಡಬೇಕು. ಹಲಗಲಿಯ ಇತಿಹಾಸಕ್ಕೆ ಮೊದಲ ವಾಕ್ಯವನ್ನು ಬರೆದದ್ದು ಈ ಕಲ್ಲೇ ಎಂದು ಮೊದಲ ಏರನ್ನು ಹತ್ತುವಾಗಲೇ ನನಗೆ ಅನಿಸಿತು.

ಬೇಡನಿಗೆ ಆಯುಧವೆಂದರೇನು? ನಾನು ತರಗತಿಯಲ್ಲಿ ಈ ಪ್ರಶ್ನೆಗೆ ‘ಶೌರ್ಯದ ಸಂಕೇತ’ ಎಂಬ ಉತ್ತರವನ್ನು ಬರೆಸುತ್ತಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಬರುತ್ತಿತ್ತು. ಗುಡ್ಡದ ಮೇಲೆ ಅದು ಅರ್ಧ ಉತ್ತರವೆಂದು ತಿಳಿಯಿತು. ಒಕ್ಕಲಿಗನಿಗೆ ನೇಗಿಲಿದ್ದಂತೆ, ನನ್ನ ಗೆಳೆಯರ ಮನೆಯಲ್ಲಿ ಲಾಳಿಯಿದ್ದಂತೆ ಬೇಡನಿಗೆ ಆಯುಧ. ಹೊಲ ಕಾಯಲು ಅದು ಬೇಕು, ಕುರಿಹಟ್ಟಿಗೆ ಬರುವ ತೋಳವನ್ನು ಬೆದರಿಸಲು ಬೇಕು, ಅರಸರು ದಂಡಿಗೆ ಕರೆದಾಗ ಹೆಗಲ ಮೇಲಿಟ್ಟುಕೊಂಡು ಹೋಗಲು ಬೇಕು. ಅದರಿಂದ ಅನ್ನವೂ ಉಂಟು, ಮಾನವೂ ಉಂಟು.

1857ರ ಉತ್ತರ ಹಿಂದುಸ್ಥಾನದ ದಂಗೆಯಿಂದ ಬೆದರಿದ ಕಂಪನಿ ಸರಕಾರವು ಅದೇ ವರ್ಷ ಜನರ ಕೈಯಲ್ಲಿರುವ ಆಯುಧಗಳನ್ನು ಹತೋಟಿಗೆ ತರುವ ಕಾಯ್ದೆಯನ್ನು ಹೊರಡಿಸಿತು. ಆಯುಧವಿದ್ದವರು ಅದನ್ನು ತಂದು ದಾಖಲೆ ಮಾಡಿಸಬೇಕು, ಪರವಾನಗಿ ಇಲ್ಲದ್ದನ್ನು ಒಪ್ಪಿಸಬೇಕು. ಕಲ್ಕತ್ತೆಯಲ್ಲಿ ಕುಳಿತು ಬರೆದವರಿಗೆ ಅದು ಒಂದು ಸಾಲಿನ ಆಜ್ಞೆ. ಆಗ ಮುಧೋಳದ ಘೋರ್ಪಡೆ ಮನೆತನದ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯಲ್ಲಿ ಅದು ಮನೆಮನೆಯ ಬಾಗಿಲು ತಟ್ಟಿತು. ಸಂಸ್ಥಾನದ ಅಧಿಕಾರಿಗಳ ಮಾತಿಗೆ ಬೇಡರು ಒಪ್ಪಲಿಲ್ಲ. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ಲಾವಣಿಯ ನಾಯಕರು ಊರವರನ್ನು ಕೂಡಿಸಿದರು. ನೆರೆಯ ಹಳ್ಳಿಗಳವರೂ ಬಂದು ಸೇರಿದರು. ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ಮಾಲ್ಕಂನ ಕುದುರೆ ದಂಡು ಹಲಗಲಿಯನ್ನು ಮುತ್ತಿತು. ಬೇಡರು ಮನೆಗಳ ಮರೆಯಿಂದ ಹೋರಾಡಿದರು. ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ, 14ರಂದು ಹಲಗಲಿಯಲ್ಲಿಯೇ 6 ಮಂದಿಯನ್ನೂ ಗಲ್ಲಿಗೇರಿಸಲಾಯಿತು.

ಇದು ಒಂಟಿ ಘಟನೆಯಲ್ಲ. 1858ರ ಮೊದಲ ತಿಂಗಳುಗಳಲ್ಲಿ ಸುರಪುರದ ವೆಂಕಟಪ್ಪ ನಾಯಕ, ಮೇ-ಜೂನ್ ತಿಂಗಳುಗಳಲ್ಲಿ ನರಗುಂದದ ಬಾಬಾಸಾಹೇಬ ಮತ್ತು ಮುಂಡರಗಿಯ ಭೀಮರಾಯ ಇದೇ ಸರಕಾರಕ್ಕೆ ಇದಿರಾಗಿ ನಿಂತರು. ಅವರಲ್ಲಿ ಅರಸರಿದ್ದರು, ಕೋಟೆಗಳಿದ್ದವು, ಫಿರಂಗಿಗಳಿದ್ದವು. ಹಲಗಲಿಯಲ್ಲಿ ಅರಸರಿಲ್ಲ, ಕೋಟೆಯಿಲ್ಲ. ಇದ್ದದ್ದು ಒಂದು ಹಳ್ಳಿ ಮತ್ತು ಈ ಗುಡ್ಡ. ಅವರು ಮೊದಲು ನಿಂತರು ಎಂಬುದು ಇತಿಹಾಸದ ಪುಟಗಳಲ್ಲಿ ಸಾಮಾನ್ಯವಾಗಿ ಅರ್ಧ ವಾಕ್ಯದಲ್ಲಿ ಮುಗಿಯುತ್ತದೆ.

ಹತ್ತು ಗಂಟೆಯ ಹೊತ್ತಿಗೆ ನಾವು ಒಂದು ನೆತ್ತಿಯನ್ನು ಮುಟ್ಟಿದೆವು. ತೆಂಕಣ ದಿಕ್ಕಿನಲ್ಲಿ ಘಟಪ್ರಭೆಯ ಕಣಿವೆ ಮಂಜಿನಲ್ಲಿ ಬೆಳ್ಳಗೆ ತೋರುತ್ತಿತ್ತು. ಹೊಳೆಯ ಆಚೆ ದಂಡೆಯ ಕಡೆಗೆ ಕಲಾದಗಿ. ಈ ಸೀಮೆಯಲ್ಲಿ ಆಗಿನ ಇಂಗ್ಲಿಷರ ದಂಡಿನ ನೆಲೆ ಅದು. ಮುಂದೆ ಸ್ವಲ್ಪ ಕಾಲ ಜಿಲ್ಲೆಯ ಮುಖ್ಯ ಊರೂ ಆಗಿ, 1880ರ ದಶಕದಲ್ಲಿ ಆ ಪಟ್ಟವನ್ನು ಬಿಜಾಪುರಕ್ಕೆ ಬಿಟ್ಟುಕೊಟ್ಟಿತು. ಗೆಳೆಯರು ಕೈ ಅಡ್ಡ ಹಿಡಿದು ಬಹಳ ಹೊತ್ತು ಅತ್ತ ನೋಡಿದರು. ‘ಇಲ್ಲಿ ನಿಂತವರಿಗೆ ಕುದುರಿ ಧೂಳ ಎಷ್ಟ ದೂರದಿಂದ ಕಂಡಿರಬೇಕ್ರೀ ಸರ’ ಎಂದರು. ನಾನು ಉತ್ತರ ಕೊಡಲಿಲ್ಲ. ದಂಡು ಬರುವುದನ್ನು ಕಂಡ ಮೇಲೂ ಗುಡ್ಡದಲ್ಲಿ ಚದುರಿ ಅಡಗುವುದು ಅವರಿಗೆ ಕಷ್ಟವಾಗಿರಲಿಲ್ಲ. ಪ್ರತಿಯೊಂದು ಪೊಟರೆಯನ್ನೂ ಬಲ್ಲವರು ಅವರು. ಆದರೂ ಹೋರಾಟ ನಡೆದದ್ದು ಊರಿನಲ್ಲಿ. ಮನೆಗಳಲ್ಲಿ ಹೆಂಗಸರು ಮಕ್ಕಳಿದ್ದರು, ದನಕರುಗಳಿದ್ದವು. ಗುಡ್ಡ ಗಂಡಸರನ್ನು ಬಚ್ಚಿಡಬಲ್ಲುದು, ಊರನ್ನು ಬಚ್ಚಿಡಲಾರದು. ಈ ಸರಳ ಸಂಗತಿ ಮೂವತ್ತು ವರ್ಷ ನನಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಒಂದು ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು, ಒಂದೊಂದು ಉಳ್ಳಾಗಡ್ಡಿ. ಲಾವಣಿಯ ಮಾತು ಮತ್ತೆ ಬಂದಿತು. ಈ ಭಾಗದ ಲಾವಣಿಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ಲೀಟ್ ಸಾಹೇಬರಂಥ ಸಂಗ್ರಾಹಕರು ದೊರೆತರು. ಆಳುವವರ ಕಡೆಯ ಅಧಿಕಾರಿಯೊಬ್ಬರು ಆಳಿಸಿಕೊಂಡವರ ಹಾಡನ್ನು ಬರೆದಿಟ್ಟದ್ದು ಇತಿಹಾಸದ ಒಂದು ಸೋಜಿಗ. ಮುಂದೆ ಡಾ. ಬಿ. ಎಸ್. ಗದ್ದಗಿಮಠರು ತಮ್ಮ ಜನಪದ ಗೀತೆಗಳ ಸಂಕಲನದಲ್ಲಿ ಹಲಗಲಿಯ ಲಾವಣಿಯನ್ನು ಕೊಟ್ಟರು. ಅಲ್ಲಿಂದ ಅದು ಶಾಲೆಯ ಪಠ್ಯಕ್ಕೂ ಬಂದು, ನಾಡಿನ ಮಕ್ಕಳೆಲ್ಲ ಓದುವಂತಾಯಿತು. ಕವಿ ತನ್ನ ಹೆಸರನ್ನು ಮುಂದೆ ಮಾಡಲಿಲ್ಲ. ಕುರ್ತಕೋಟಿಯ ಕಲ್ಮೇಶನ ಅಂಕಿತವನ್ನು ಮಾತ್ರ ಇಟ್ಟು ಮರೆಯಾದನು.

ಆ ಲಾವಣಿಯ ಕೊನೆಯ ಭಾಗದಲ್ಲಿ, ಸುಲಿಗೆಯಾದ ವಸ್ತುಗಳ ಒಂದು ಪಟ್ಟಿಯಿದೆ. ಕೊಡಲಿ, ಕುಡ ಮೊದಲಾದ ಒಕ್ಕಲುತನದ ಸಾಮಾನು. ಹಾಲು, ಬೆಣ್ಣೆ. ಉಪ್ಪು, ಅರಿಸಿನ, ಜೀರಿಗೆ, ಬೆಲ್ಲ. ತಾಬಾಣ ಚರಿಗೆಗಳಂಥ ಪಾತ್ರೆ. ಮಂಗಳಸೂತ್ರ. ಬೀಸುವ ಕಲ್ಲು. ಇಂಥ ಪಟ್ಟಿಗಳು ಜನಪದ ಕಾವ್ಯದ ಒಂದು ರೂಢಿ, ಪ್ರಾಸಕ್ಕಾಗಿ ಹಾಡುಗಾರರು ಹೆಸರುಗಳನ್ನು ಪೋಣಿಸುತ್ತಾರೆ ಎಂದು ನಾನು ಪಾಠ ಹೇಳುತ್ತಿದ್ದೆ. ಬೇವಿನ ನೆರಳಿನಲ್ಲಿಯೂ ಅದನ್ನೇ ಹೇಳಿದೆ.

ಗೆಳೆಯರು ಕೈಯಲ್ಲಿದ್ದ ರೊಟ್ಟಿಯನ್ನು ಮುರಿಯದೆ ಕೇಳಿದರು: ‘ಬೀಸೂಕಲ್ಲ ಹೋದ ಮ್ಯಾಲೆ ಮರುದಿನ ರೊಟ್ಟಿಗೆ ಹಿಟ್ಟ ಎಲ್ಲಿಂದ ಬರಬೇಕ್ರೀ ಸರ?’

ನಾನು ಸುಮ್ಮನಾದೆ. ಆಯುಧವನ್ನು ಒಪ್ಪಿಸಲು ಬಂದ ಆಜ್ಞೆ ಬೀಸುವ ಕಲ್ಲನ್ನು ಒಯ್ಯುವಲ್ಲಿಗೆ ಮುಗಿಯಿತು. ಲಾವಣಿಕಾರನು ಹೇಳುತ್ತಿದ್ದುದು ಅದನ್ನೇ. ಸರಕಾರದ ಕಾಗದದಲ್ಲಿ ಸತ್ತವರ ಲೆಕ್ಕವಿದ್ದೀತು, ಹಿಡಿದವರ ಲೆಕ್ಕವಿದ್ದೀತು. ಜೀರಿಗೆಯ ಲೆಕ್ಕವನ್ನು, ಬೆಲ್ಲದ ಲೆಕ್ಕವನ್ನು ಯಾವ ಸಾಹೇಬನು ಬರೆದಿಟ್ಟಾನು? ಆ ಪಟ್ಟಿ ಪ್ರಾಸದ ಆಟವಲ್ಲ. ಸುಟ್ಟ ಊರಿನ ಪಂಚನಾಮೆ. ಅದನ್ನು ಬರೆಸಲು ಕಚೇರಿ ಇಲ್ಲದ್ದರಿಂದ ಊರು ಹಾಡುಗಾರನ ಬಾಯಲ್ಲಿ ಬರೆಸಿತು.

ಮುಧೋಳದ ನೆಲಕ್ಕೆ ಕಾವ್ಯವೇನೂ ಹೊಸತಲ್ಲ. 949ರಲ್ಲಿ ಇಲ್ಲಿಯ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಜಂಬುಖಂಡಿ ಎಪ್ಪತ್ತರ ಮುದುವೊಳಲು ತನ್ನ ಊರೆಂದು ಹೆಮ್ಮೆಯಿಂದ ಹೇಳಿಕೊಂಡ. ನಮ್ಮ ಜಮಖಂಡಿಯ ಹೆಸರಿಗೆ ಅಷ್ಟು ಹಳೆಯ ಸಾಕ್ಷಿ ಅವನೇ. ಆ ಮಹಾಕವಿಗೆ ತೈಲಪನ ಆಸ್ಥಾನವಿತ್ತು, ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಗದಾಯುದ್ಧವನ್ನು ಬರೆಯುವ ಅವಕಾಶವಿತ್ತು. ಸೋತ ದುರ್ಯೋಧನನಿಗೂ ಅವನು ಘನತೆಯನ್ನು ಕೊಟ್ಟನೆಂದು ವಿಮರ್ಶಕರು ಕೊಂಡಾಡುತ್ತಾರೆ. ಸೋತವರಿಗೆ ಘನತೆ ಕೊಡುವ ಆ ಕೆಲಸವನ್ನು ಒಂಬತ್ತು ನೂರು ವರ್ಷಗಳ ತರುವಾಯ ಹೆಸರಿಲ್ಲದ ಒಬ್ಬ ಲಾವಣಿಕಾರನು ಮಾಡಿದ. ಅವನಿಗೆ ಆಸ್ಥಾನವಿರಲಿಲ್ಲ. ದಪ್ಪು, ತುಂತುಣಿ ಮತ್ತು ಸಂತೆಯ ಜನ, ಇವಿಷ್ಟೇ ಅವನ ಆಸ್ಥಾನ.

ಊಟದ ನಂತರ ಗುಡ್ಡದ ಇನ್ನೊಂದು ಮಗ್ಗುಲಿಗೆ ಇಳಿದೆವು. ದಾರಿಯಲ್ಲಿ ಬೇಟೆಯ ಮಾತು ನಡೆಯಿತು. ಮುಧೋಳವೆಂದರೆ ಹೊರಗಿನವರಿಗೆ ನೆನಪಾಗುವುದು ಇಲ್ಲಿಯ ಬೇಟೆನಾಯಿ. ತೆಳು ಸೊಂಟದ, ಉದ್ದ ಕಾಲಿನ, ಗಾಳಿಯಂತೆ ಓಡುವ ಈ ತಳಿಯನ್ನು ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವೂ ಇದೆ. ಇದರಲ್ಲಿ ಒಂದು ವಿಚಾರ ಅಡಗಿದೆ. ಅರಸನ ಬೇಟೆ ವಿನೋದವೆನಿಸಿತು, ಬೇಡನ ಬೇಟೆ ಅನುಮಾನಕ್ಕೆ ಎಡೆಯಾಯಿತು. ಆಯುಧವೂ ಹಾಗೆಯೇ. 1861ರಲ್ಲಿ ಇಂಗ್ಲಿಷರು ಕೊಡಗಿನವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿದಿದೆ. ಅಲ್ಲಿ ಕೋವಿ ಮನೆತನದ ಮರ್ಯಾದೆ ಎಂದು ಸರಕಾರ ಒಪ್ಪಿತು. ಹಲಗಲಿಯ ಬೇಡರೂ ಹೇಳಿದ್ದು ಅದೇ ಮಾತು. ಅದನ್ನು ಕೇಳುವ ಕಿವಿ ಸರಕಾರಕ್ಕೆ ಇಲ್ಲಿ ಇರಲಿಲ್ಲ. ಕೊಡಗಿನವರ ಮೇಲೆ ಇದರಿಂದ ಯಾವ ಆಕ್ಷೇಪವೂ ಇಲ್ಲ. ಒಂದೇ ಮಾತಿಗೆ ಆಳುವವರು ಎರಡು ಕಡೆ ಎರಡು ಬೆಲೆ ಕಟ್ಟಿದರೆಂಬುದಷ್ಟೇ ನನ್ನ ಅಭಿಪ್ರಾಯ.

ಕಾಡುಗಳ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. ಮೈಸೂರು ಅರಸರ ಬೇಟೆಯ ತಾಣವಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅಮೆರಿಕದ ಯೆಲ್ಲೋಸ್ಟೋನ್ ಪರ್ವತ ಪ್ರದೇಶವನ್ನು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಸಾರಿದ್ದು 1872ರಲ್ಲಿ. ಸರಿಯಾಗಿ ನೂರು ವರ್ಷಗಳ ಮೇಲೆ, 1972ರಲ್ಲಿ, ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಯೆಲ್ಲೋಸ್ಟೋನಿನ ಎತ್ತರದ ಕಣಿವೆಗಳಲ್ಲಿ ಕಾಡುಕುರಿಗಳನ್ನು ಬೇಟೆಯಾಡಿ ಬದುಕುತ್ತಿದ್ದ ಶೋಶೋನಿ ಜನರ ಗುಂಪುಗಳಿದ್ದವು. ಉದ್ಯಾನವಾದ ಮೇಲೆ ಅವರಿಗೆ ಅಲ್ಲಿ ಎಡೆ ಉಳಿಯಲಿಲ್ಲ. ನೋಡಲು ಬರುವವರಿಗೆ ಅದು ಮನುಷ್ಯನು ಮುಟ್ಟದ ಪ್ರಕೃತಿಯೆಂದು ತೋರಿಸಲಾಯಿತು. ಪ್ರಾಣಿಗಳಿಗೆ ಕಾಪು ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಂದು ನೆಲವನ್ನು ಕಾಪಾಡುವಾಗ ಅಲ್ಲಿ ಬಾಳಿದವರ ನೆನಪನ್ನು ಒರಸಿದರೆ, ಅದು ಇನ್ನೊಂದು ಬಗೆಯ ಸುಲಿಗೆಯಾಗುತ್ತದೆ.

ಸಂಜೆ ನಾಲ್ಕರ ಸುಮಾರಿಗೆ ಕಾವಲುಗಾರರು ಥಟ್ಟನೆ ನಿಂತು ಕೈ ಎತ್ತಿದರು. ‘ಸಪ್ಪಳ ಮಾಡಬ್ಯಾಡ್ರಿ.’ ನಮಗೇನೂ ಕಾಣಲಿಲ್ಲ. ಒಣಹುಲ್ಲು, ಕೆಂಗಲ್ಲು, ಅಷ್ಟೆ. ಆಮೇಲೆ ಆ ಕೆಂಗಲ್ಲಿನ ಒಂದು ತುಂಡು ಕಿವಿ ಅಲ್ಲಾಡಿಸಿತು. ಚಿಂಕಾರ! ಆಡಿಗಿಂತ ಬಹಳ ದೊಡ್ಡದಲ್ಲ, ತೂಕ ಇಪ್ಪತ್ತು ಇಪ್ಪತ್ತೈದು ಕಿಲೋ ಇದ್ದೀತು. ಕಂದುಮೈ, ಬಿಳಿಯ ಹೊಟ್ಟೆ, ಸಣ್ಣ ಕರಿಯ ಬಾಲ. ಹೆಣ್ಣಿಗೂ ಇದರಲ್ಲಿ ತೆಳುವಾದ ಕೊಂಬಿರುತ್ತದೆ. ಮೇವಿನಲ್ಲಿಯೂ ಇಬ್ಬನಿಯಲ್ಲಿಯೂ ಸಿಗುವ ತೇವದಿಂದಲೇ ಬಹು ದಿನ ಕಳೆಯಬಲ್ಲ ಜೀವವಾದುದರಿಂದ ಈ ಒಣ ಗುಡ್ಡ ಅದಕ್ಕೆ ಒಗ್ಗಿದೆ. ನೋಡುತ್ತಿದ್ದಂತೆ ಎರಡಾದವು, ಮೂರಾದವು. ಒಂದು ಮುಂಗಾಲಿನಿಂದ ನೆಲವನ್ನು ಬಡಿದು ಸೀನಿದಂತೆ ಸಪ್ಪಳ ಮಾಡಿತು. ಮರುಗಳಿಗೆಯಲ್ಲಿ ಗುಡ್ಡ ಬರಿದಾಗಿತ್ತು.

ಹಳಗನ್ನಡದ ‘ಪುಲ್ಲೆ’ ಎಂಬ ಶಬ್ದವನ್ನು ಎಷ್ಟೋ ಪದ್ಯಗಳಲ್ಲಿ ಬಿಡಿಸಿ ಹೇಳಿದವನು ನಾನು. ಕಣ್ಣಿಗೆ ಕಂಡದ್ದು ಅಂದೇ.

‘ನಿಮಗ ಹ್ಯಾಂಗ ಮೊದಲ ಕಂಡಿತು?’ ಎಂದು ಗೆಳೆಯರು ಕಾವಲುಗಾರರನ್ನು ಕೇಳಿದರು. ಅವರು ನಕ್ಕು, ತಮ್ಮ ಅಜ್ಜ ಬಲೆ ಹಾಕುವವನಾಗಿದ್ದನೆಂದೂ, ಹುಡುಗನಾಗಿದ್ದಾಗ ಅವನ ಹಿಂದೆ ತಿರುಗಿ ಕಲಿತದ್ದೆಂದೂ ಹೇಳಿದರು. ‘ಅವಾ ಹಿಡ್ಯಾಕ ನೋಡ್ತಿದ್ದಾ, ನಾ ಕಾಯಾಕ ನೋಡ್ತೀನ್ರಿ. ನೋಡೂದು ಮಾತ್ರ ಒಂದ ನೋಡ್ರಿ’ ಎಂದರು. ತಮ್ಮ ಮಾತಿನಲ್ಲಿ ವಿಶೇಷವೇನೂ ಇಲ್ಲವೆಂಬಂತೆ ಮುಂದೆ ನಡೆದರು.

ಈ ಗುಡ್ಡಕ್ಕೆ ಎರಡು ಸಲ ಕಾಯ್ದೆ ಬಂದಿದೆ. ಮೊದಲನೆಯದು 1857ರಲ್ಲಿ ಮನುಷ್ಯನ ಕೈಯಿಂದ ಆಯುಧವನ್ನು ಕಸಿಯಲು ಬಂದು, ಊರನ್ನು ಸುಟ್ಟು ಹೋಯಿತು. ಎರಡನೆಯದು ನಮ್ಮ ಕಾಲದಲ್ಲಿ ಮೂಕಜೀವಿಯ ಪ್ರಾಣವನ್ನು ಉಳಿಸಲು ಬಂದಿದೆ. ಎರಡರ ಉದ್ದೇಶ ಒಂದೇ ಅಲ್ಲ. ಅವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಮೊದಲನೆಯದರ ಕಥೆಯಿಂದ ಎರಡನೆಯದು ಕಲಿಯಬೇಕಾದ ಪಾಠ ಒಂದುಂಟು: ಗುಡ್ಡದ ಬುಡದಲ್ಲಿ ಬಾಳುವವರ ಮನೆಯಲ್ಲಿ ಬೀಸುವ ಕಲ್ಲು ತಿರುಗುತ್ತಿದೆಯೆ ಎಂದು ಕೇಳದೆ ಗುಡ್ಡವನ್ನು ಕಾಯಲಾಗದು. ನೋಡಬಲ್ಲ ಕಣ್ಣು ಅವರಲ್ಲಿದೆ. ಕಾಯುವ ಕೆಲಸಕ್ಕೆ ಅದೇ ಬಂಡವಾಳ.

ಹೊತ್ತು ಮುಳುಗುವಾಗ ಹಲಗಲಿಗೆ ಇಳಿದೆವು. ಓಣಿಗಳಲ್ಲಿ ದನಗಳು ಮರಳಿ ಬರುತ್ತಿದ್ದವು, ಮನೆಗಳಿಂದ ಒಲೆಯ ಹೊಗೆ ಏಳುತ್ತಿತ್ತು. ಹೊಗೆಯನ್ನು ಕಂಡು ನನ್ನ ಮನಸ್ಸಿಗೆ ಬೇರೆ ಹೊಗೆಯ ನೆನಪಾಯಿತು. ಅದೂ ನವೆಂಬರಿನ ಕೊನೆಯ ಸಂಜೆಯೇ. ಒಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ತಾಯಿಯೊಬ್ಬರು, ‘ಎಲ್ಲಿಂದ ಬಂದೀರಪ್ಪಾ? ಗುಡ್ಡ ಹತ್ತಿ ದಣದೀರಿ, ನೀರ ಕುಡೀರಿ’ ಎಂದು ಚರಿಗೆ ತಂದರು. ನೀರು ಕುಡಿದು ಚರಿಗೆಯನ್ನು ಹಿಂದಕ್ಕೆ ಕೊಡುವಾಗ ಅದನ್ನು ಒಂದು ಗಳಿಗೆ ಹೆಚ್ಚಾಗಿಯೇ ಕೈಯಲ್ಲಿ ಹಿಡಿದುಕೊಂಡೆ. ಲಾವಣಿಯ ಪಟ್ಟಿಯಲ್ಲಿ ಅದರ ಹೆಸರೂ ಇದೆ.